ಜಾಯಿಂಟ್ ಕಾಣಬಾರದು

ನನ್ನ ಪಕ್ಕದಲ್ಲಿ ಕೂತು ಸಿನಿಮಾ ನೋಡುವವರಿಗೆ ನೆಮ್ಮದಿಯಿಲ್ಲ. ನಾಯಕಿ ಅಳುತ್ತಿರುವಾಗ, ಮನೆಯವರೆಲ್ಲ ಮೂಗು ಒರೆಸಿಕೊಳ್ಳುತ್ತಿರುವಾಗ, ನನ್ನ ಬಾಯಿಯಿಂದ "ಹಾಂ, ಇಲ್ಲಿ ಜಾಯಿಂಟ್" ಎಂದು ಹೊರಟುಬಿಡುತ್ತದೆ. ಒಂದು ದೃಶ್ಯ ಮುಗಿದು ಇನ್ನೊಂದು ಅಂಟಿಕೊಂಡ ಜಾಗ ನನಗೆ ಅನ್ನದಲ್ಲಿ ಕಲ್ಲು ಸಿಕ್ಕಿದ ಹಾಗೆ ಸಿಗುತ್ತದೆ. ಮಗಳು ಹಾಸ್ಟೆಲಿನಿಂದ ಬಂದಾಗಲೆಲ್ಲ ಹಾಕುವ ಮೊದಲ ಷರತ್ತು, "ಅಮ್ಮ, ನೀನು ನೋಡುವುದಾದರೆ ಬಾಯಿ ಮುಚ್ಚಿ ನೋಡು." ಮುಚ್ಚುತ್ತೇನೆ. ಆದರೆ ಪ್ರತಿ ಜಾಯಿಂಟಿಗೂ ನನ್ನ ಕಾಲಿನ ಹೆಬ್ಬೆರಳು ಒಮ್ಮೆ ಎದ್ದು ಮಲಗುತ್ತದಂತೆ. ಅದನ್ನೂ ಅವಳೇ ಕಂಡುಹಿಡಿದದ್ದು. ಈಗ ನನ್ನ ಕಾಲಿಗೆ ಬೆಡ್‌ಶೀಟು ಹೊದಿಸಿ ಕೂರಿಸುತ್ತಾರೆ.

ತಪ್ಪು ನನ್ನದಲ್ಲ, ಹೊಟ್ಟೆಪಾಡಿನದು. ಬಿ.ಸಿ.ರೋಡಿನಲ್ಲಿ ಬಸ್‌ಸ್ಟ್ಯಾಂಡಿಗೆ ಹತ್ತಿರ, ಒಂದು ಚಪ್ಪಲಿ ಅಂಗಡಿಯ ಮಾಳಿಗೆಯಲ್ಲಿ ನಮ್ಮದೊಂದು ಸ್ಟುಡಿಯೋ ಇದೆ. ನನ್ನ ಗಂಡ ಮದುವೆ, ಗೃಹಪ್ರವೇಶ, ಸೀಮಂತಗಳ ವಿಡಿಯೋ ತೆಗೆಯುತ್ತಾರೆ. ಅವರು ತಂದು ಸುರಿದದ್ದನ್ನು ಕತ್ತರಿಸಿ ಜೋಡಿಸುವುದು ನಾನು. ಇವರ ಲೆಕ್ಕದಲ್ಲಿ ಕಷ್ಟದ ಕೆಲಸ ಇವರದ್ದೇ, ಏಕೆಂದರೆ ಇವರು ನಿಂತು ಮಾಡುತ್ತಾರೆ, ನಾನು ಕೂತು ಮಾಡುತ್ತೇನೆ. ಕೆಳಗೆ ರಸ್ತೆಯಲ್ಲಿ ಕಂಡಕ್ಟರುಗಳು "ಸಿದ್ಧಕಟ್ಟೆ, ಮೂಡಬಿದ್ರೆ, ಮೂಡಬಿದ್ರೆ" ಎಂದು ಗಂಟಲು ಹರಿದುಕೊಳ್ಳುತ್ತಿರುತ್ತಾರೆ. ಮೇಲೆ ನಾನು ಕಿವಿಗೆ ಹೆಡ್‌ಫೋನ್ ಸಿಕ್ಕಿಸಿಕೊಂಡು ಯಾರದೋ ಮಗಳ ಮದುವೆಯ ವಾಲಗ ಕೇಳುತ್ತಿರುತ್ತೇನೆ. ವರ್ಷವಿಡೀ ಮದುವೆಯಲ್ಲೇ ಇರುತ್ತೇನೆ, ಒಂದು ಹೋಳಿಗೆ ಸಿಕ್ಕುವುದಿಲ್ಲ.

ಎರಡು ದೃಶ್ಯಗಳ ನಡುವಿನ ಜಾಯಿಂಟನ್ನು ನಯ ಮಾಡುವುದಕ್ಕೆ ನಮ್ಮ ಕಸುಬಿನಲ್ಲಿ ಟ್ರಾನ್ಸಿಷನ್ ಎನ್ನುತ್ತಾರೆ. ಗಿರಾಕಿಗಳ ಬಾಯಲ್ಲಿ ಅದು 'ಡಿಸೈನ್'. "ಅಕ್ಕ, ಡಿಸೈನ್ ಸ್ವಲ್ಪ ಜಾಸ್ತಿ ಹಾಕಿ ಆಯಿತಾ" ಎಂದು ಬ್ಲೌಸಿಗೆ ಹೇಳಿದ ಹಾಗೆ ಹೇಳಿ ಹೋಗುತ್ತಾರೆ. ಸಾಫ್ಟ್‌ವೇರಿನೊಳಗೆ ಅದರ ಭಂಡಾರವೇ ಇದೆ. ಪುಟ ಮಗುಚುವಂಥದ್ದು, ಬಾಗಿಲು ತೆರೆಯುವಂಥದ್ದು, ಚಕ್ರದ ಹಾಗೆ ತಿರುಗುವಂಥದ್ದು. ಬೇಕಾದ್ದನ್ನು ಮೌಸಿನಲ್ಲಿ ಹಿಡಿದು ಎಳೆದು ಎರಡು ತುಂಡುಗಳ ನಡುವೆ ಬಿಟ್ಟರೆ ಸಾಕು, ಕಚ್ಚಿಕೊಳ್ಳುತ್ತದೆ. ಇವುಗಳಲ್ಲೆಲ್ಲ ಮರ್ಯಾದಸ್ಥ ಅಂದರೆ ಡಿಸಾಲ್ವ್. ಹಿಂದಿನ ಚಿತ್ರ ಕರಗಿದ ಹಾಗೆ ಮುಂದಿನದು ಮೂಡುತ್ತದೆ, ಯಾರಿಗೂ ತೊಂದರೆಯಿಲ್ಲ. ಅದಕ್ಕೆ ಒಂದೇ ನಿಯಮ. ಎರಡು ತುಂಡುಗಳಿಗೂ ತುದಿಯಲ್ಲಿ ಸ್ವಲ್ಪ ಹೆಚ್ಚುವರಿ ಇರಬೇಕು, ಹಂಚಿನ ಮೇಲೆ ಹಂಚು ಹತ್ತಿ ಕೂರಲು ಜಾಗ ಬೇಕಾದ ಹಾಗೆ. ಇಲ್ಲದಿದ್ದರೆ ಅಲ್ಲೇ ಸೋರುತ್ತದೆ.

ಈ ಮರ್ಯಾದಸ್ಥ ಡಿಸಾಲ್ವನ್ನು ನಂಬಿ ನಾನೊಮ್ಮೆ ಕೆಟ್ಟೆ. ಕಲಿತ ಹೊಸತು. ಒಂದು ಮದುವೆಯಲ್ಲಿ ವೇದಿಕೆಯ ದೃಶ್ಯ ಮುಗಿದು ಊಟದ ದೃಶ್ಯ ಬರಬೇಕಿತ್ತು. ನಡುವೆ ನಿಧಾನದ ಡಿಸಾಲ್ವ್ ಹಾಕಿದೆ. ವೇದಿಕೆಯ ಕೊನೆಯ ಚಿತ್ರದಲ್ಲಿ ಹುಡುಗನ ತಾಯಿ ಬಿಗಿದ ಮುಖದಲ್ಲಿ ನಿಂತಿದ್ದರು. ಊಟದ ಮೊದಲ ಚಿತ್ರ ಪಾಯಸದ ಕಡಾಯಿ. ಅತ್ತೆಯ ಮುಖ ಮೆಲ್ಲ ಮೆಲ್ಲನೆ ಕರಗಿ, ಕಣ್ಣಿದ್ದಲ್ಲಿ ದ್ರಾಕ್ಷಿ ತೇಲಿ, ಹಬೆಯಾಡುವ ಪಾಯಸವಾಯಿತು. ಅದರೊಳಗೆ ಒಂದು ಸೌಟು ಇಳಿಯಿತು. ಅತ್ತೆ ಫೋನು ಮಾಡಿ ನನ್ನ ವಂಶಾವಳಿ ವಿಚಾರಿಸಿದರು. ಸೊಸೆ ಮಾತ್ರ ಬೇರೆ ಫೋನು ಮಾಡಿ, "ಅಕ್ಕ, ಅದೊಂದು ತುಂಡನ್ನು ನನಗೆ ವಾಟ್ಸಾಪಿನಲ್ಲಿ ಕಳಿಸ್ತೀರಾ?" ಎಂದಳು. ಕಳಿಸಿದೆ. ಕಳಿಸದೆ ಇರುವಷ್ಟು ಒಳ್ಳೆಯವಳು ನಾನಲ್ಲ.

ಈಗಿನ ಮಕ್ಕಳಿಗೆ ಕರಗುವುದು ಸಾಲುವುದಿಲ್ಲ, ಹಾರಬೇಕು. ಸಿದ್ಧಕಟ್ಟೆಯ ಒಬ್ಬ ಮದುಮಗ ಪ್ರತಿ ದೃಶ್ಯವೂ ಗರಗರ ತಿರುಗಿ 'ಸುಯ್ಯ್' ಎಂಬ ಸದ್ದಿನೊಂದಿಗೆ ಬದಲಾಗಬೇಕು ಎಂದ. ಮಾಡಿಕೊಟ್ಟೆ. ಆ ಮನೆಯ ಅಜ್ಜಿ, ಸದ್ದು ಶುರುವಾದ ಕೂಡಲೇ ಎದ್ದು ಟಿ.ವಿ.ಯ ಸ್ವಿಚ್ ಆಫ್ ಮಾಡಿದರಂತೆ, ಕರೆಂಟು ಏರಿ ಇಳಿಯುತ್ತಿದೆ, ಸುಟ್ಟುಹೋದೀತು ಎಂದು. ಮೊಮ್ಮಗನ ಮದುವೆಯನ್ನು ಅವರು ಇವತ್ತಿಗೂ ಪೂರ್ತಿ ನೋಡಿಲ್ಲ.

ಕರಗುವವರಿರಲಿ ಹಾರುವವರಿರಲಿ, ಮೆಟ್ಟಿಲು ಇಳಿಯುವ ಮೊದಲು ಎಲ್ಲರೂ ಹೇಳುವ ಮಾತು ಒಂದೇ: "ಜಾಯಿಂಟ್ ಕಾಣಬಾರದು." ಏಕೆ ಕಾಣಬಾರದು? ಈ ಪ್ರಶ್ನೆಯನ್ನು ನಾನು ಬಾಯಿಬಿಟ್ಟು ಕೇಳಿದರೆ ಅಂಗಡಿ ಮುಚ್ಚಬೇಕಾಗುತ್ತದೆ ಎಂದು ಇವರು ಹೇಳುತ್ತಾರೆ. ಅದಕ್ಕೇ ನಿಮ್ಮ ಹತ್ತಿರ ಕೇಳುತ್ತಿದ್ದೇನೆ.

ನಾನು ಜಾಯಿಂಟ್ ಹೊತ್ತುಕೊಂಡೇ ಶಾಲೆಗೆ ಹೋದವಳು. ಅಪ್ಪ ತೀರಿಕೊಂಡ ಮೇಲೆ ಅಮ್ಮ ವಾಮದಪದವಿನ ನಮ್ಮ ಮನೆಯ ಜಗಲಿಯಲ್ಲಿ ಹೊಲಿಗೆಯಂತ್ರ ಇಟ್ಟುಕೊಂಡು ಕೂತಳು. ಊರಿನವರ ರವಿಕೆಗಳಲ್ಲಿ ತುಂಡಿಗೆ ತುಂಡು ಸೇರಿಸಿದರೂ ಗೊತ್ತಾಗದ ಹಾಗೆ ಹೊಲಿಯುತ್ತಿದ್ದಳು. ನನ್ನ ಸಮವಸ್ತ್ರದ ನೀಲಿ ಲಂಗಕ್ಕೆ ಮಾತ್ರ ಆ ಭಾಗ್ಯ ಇರಲಿಲ್ಲ. ಅದನ್ನು ಉದ್ದಕ್ಕೆ ಹೊಲಿದು, ಕೆಳಗೆ ಒಳಮಡಿಕೆ ಹಾಕಿ, ಪ್ರತಿ ಜೂನಿನಲ್ಲಿ ಒಂದು ಮಡಿಕೆ ಬಿಚ್ಚುತ್ತಿದ್ದಳು. ಒಗೆದು ಒಗೆದು ಮಾಸಿದ ನೀಲಿಯ ಕೆಳಗೆ ಬಿಸಿಲೇ ಕಾಣದ ಕಡುನೀಲಿಯ ಪಟ್ಟಿ. ಎರಡರ ನಡುವೆ, ಮಡಿಕೆ ಇದ್ದಲ್ಲಿ, ಸವೆದ ಬಿಳಿ ಗೆರೆ. ವರ್ಷಕ್ಕೊಂದು ಗೆರೆ ಸೇರಿ, "ನಿನ್ನ ಲಂಗ ಕಾಪಿ ಪುಸ್ತಕದ ಹಾಗೆ ಉಂಟು, ಅದರಲ್ಲೇ ಬರೆಯಬಹುದು" ಎಂದು ಹುಡುಗಿಯರು ನಕ್ಕರು. ಮನೆಗೆ ಬಂದು, ಇನ್ನು ಆ ಲಂಗ ಹಾಕುವುದಿಲ್ಲ ಎಂದು ರಂಪ ಮಾಡಿದೆ.

ಅಮ್ಮ ಪೆಡಲಿನಿಂದ ಕಾಲು ತೆಗೆಯಲಿಲ್ಲ. "ಗೆರೆ ಕಂಡರೆ ಎಂತ ಈಗ? ನೀನು ಬೆಳೆದದ್ದಲ್ಲವಾ? ಕದ್ದದ್ದಾ?"

ಆಗ ಅದರಿಂದ ನನಗೆ ಎಳ್ಳಷ್ಟೂ ಸಮಾಧಾನ ಆಗಲಿಲ್ಲ. ಹೊಸ ಲಂಗ ಬೇಕಿದ್ದವಳಿಗೆ ಮಾತು ಕೊಟ್ಟರೆ ಹೇಗೆ ಸಮಾಧಾನ ಆದೀತು? ಗೆರೆಯ ಮೇಲೆ ಒಂದು ಲೇಸಾದರೂ ಹೊಲಿದು ಮುಚ್ಚು ಎಂದು ಗೋಗರೆದೆ. ಮುಚ್ಚಲಿಲ್ಲ. ಮರುದಿನ ಅದೇ ಲಂಗ ಹಾಕಿಕೊಂಡು, ಶಾಲೆಯ ದಾರಿಯಿಡೀ ಚೀಲವನ್ನು ಮೊಣಕಾಲಿಗೆ ಅಡ್ಡ ಹಿಡಿದುಕೊಂಡು ಹೋದೆ. ನಾನು ಕಲಿತ ಮೊದಲ ಟ್ರಾನ್ಸಿಷನ್ ಆ ಚೀಲವೇ ಇರಬೇಕು.

ಎರಡನೆಯದನ್ನು ನನ್ನ ಮದುವೆಯಲ್ಲಿ ಕಂಡೆ. ಆಗಿನ ಮದುವೆಗಳಿಗೆ ಕ್ಯಾಸೆಟ್ಟು. ಅದನ್ನು ಇವರು ಮುಂದೆ ಕಂಪ್ಯೂಟರಿಗೆ ಹಾಕಿ ಇಟ್ಟಿದ್ದಾರೆ. ಆ ಕ್ಯಾಸೆಟ್ಟಿನಲ್ಲಿ ಅಮ್ಮ ಒಂದೇ ಒಂದು ಕಡೆ ಬರುತ್ತಾಳೆ. ಅಡುಗೆಕೋಣೆಯ ಬಾಗಿಲಲ್ಲಿ, ಸೆರಗನ್ನು ಮುಷ್ಟಿಯಲ್ಲಿ ಹಿಡಿದುಕೊಂಡು, ವೇದಿಕೆಯ ಕಡೆ ಕತ್ತು ಉದ್ದ ಮಾಡಿ ನಿಂತಿದ್ದಾಳೆ. ಗಂಡ ಇಲ್ಲದವಳು ಧಾರೆಯ ಹೊತ್ತಿಗೆ ಮುಂದೆ ಬರುವ ಹಾಗಿಲ್ಲ. ಸೋದರಮಾವ ಮತ್ತು ಅವರ ಹೆಂಡತಿ ನನ್ನನ್ನು ಧಾರೆ ಎರೆದು ಕೊಟ್ಟರು. ಕ್ಯಾಮೆರಾದವನು ಹೇಗೋ ಬಾಗಿಲ ಕಡೆ ತಿರುಗಿದ್ದಾನೆ, ಅಮ್ಮ ಸಿಕ್ಕಿದ್ದಾಳೆ. ಇನ್ನೇನು ಅವಳ ಮುಖ ಸರಿಯಾಗಿ ಕಾಣಬೇಕು, ಅಷ್ಟರಲ್ಲಿ ಅವಳ ಕೊರಳ ಹತ್ತಿರ ಒಂದು ಪುಟ್ಟ ಹೃದಯ ಹುಟ್ಟುತ್ತದೆ. ಆ ಕಾಲದ ಡಿಸೈನ್ ಅದು. ಹೃದಯ ದೊಡ್ಡದಾಗುತ್ತಾ ಆಗುತ್ತಾ ಅವಳ ಗಲ್ಲ, ಬಾಯಿ, ಕಣ್ಣುಗಳನ್ನು ನುಂಗುತ್ತದೆ. ಅದರೊಳಗಿನಿಂದ ನಾನು ಮತ್ತು ಇವರು ಹಲ್ಲು ಕಿರಿಯುತ್ತಾ ಹೊರಗೆ ಬರುತ್ತೇವೆ.

ಜೋಡಿಸಿದವನಿಗೆ ಅವಳು ಯಾರೆಂದು ಗೊತ್ತಿರಲಿಲ್ಲ, ಒಪ್ಪಿದೆ. ಬಾಗಿಲಲ್ಲಿ ಯಾರೋ ಹೆಂಗಸು, ಅಲ್ಲೊಂದು ಜಾಯಿಂಟ್ ಬೇಕು, ಹಾಕಿದ. ಆದರೂ ನನಗೆ ಸಿಟ್ಟು ಇಳಿದಿಲ್ಲ. ಇಳಿಸುವ ಇರಾದೆಯೂ ಇಲ್ಲ. ಮೂಲದ ಟೇಪು ಎಂದೋ ಹೋಗಿದೆ, ಹೃದಯದ ಹಿಂದಿನ ಅಮ್ಮ ಎಲ್ಲಿಯೂ ಇಲ್ಲ. ನನ್ನ ಸಾಫ್ಟ್‌ವೇರಿನಲ್ಲಿ ಇವತ್ತಿಗೂ ಹೃದಯದ ಟ್ರಾನ್ಸಿಷನ್ ಇದೆ. ಯಾರು ಕೇಳಿದರೂ "ಅದು ಹಾಳಾಗಿದೆ" ಎನ್ನುತ್ತೇನೆ.

ಇಷ್ಟೆಲ್ಲ ನೆನಪಾದದ್ದು ಶ್ರಾವ್ಯಳ ಮದುವೆಯಿಂದ.

ಹುಡುಗಿ ನಮ್ಮ ವಾಮದಪದವಿನವಳು, ಹುಡುಗ ಬೆಳ್ತಂಗಡಿಯವನು, ಮದುವೆ ಮೂಡಬಿದ್ರೆಯ ಹಾಲಿನಲ್ಲಿ. ಶ್ರಾವ್ಯಳಿಗೂ ತಂದೆ ಇಲ್ಲ. ತಾಯಿ ಸುಮತಿಯಕ್ಕ ಅಂಗನವಾಡಿಯಲ್ಲಿ ದುಡಿದು ಮಗಳನ್ನು ಓದಿಸಿದವರು. ಮದುವೆಯ ಓಡಾಟವೆಲ್ಲ ತಂದೆಯ ಅಣ್ಣ ವಸಂತಣ್ಣನದು, ಅಂದರೆ ಹುಡುಗಿಯ ದೊಡ್ಡಪ್ಪ. ಒಳ್ಳೆಯ ಜನ. ಹಾಲ್ ಗೊತ್ತುಮಾಡಿದ್ದು, ಅಡುಗೆಯವರನ್ನು ಹಿಡಿದದ್ದು, ನಮ್ಮನ್ನು ಕರೆದದ್ದು ಎಲ್ಲ ಅವರೇ. ಧಾರೆ ಎರೆಯಬೇಕಾದದ್ದೂ ಅವರು ಮತ್ತು ಅವರ ಹೆಂಡತಿ.

ನಮ್ಮ ಕಡೆ ಧಾರೆಗೆ ಮೊದಲು ನೀರು ತುಂಬಿದ ಗಿಂಡಿಯನ್ನು ಸಭೆಯಲ್ಲಿ ಸುತ್ತಿಸುವ ಕ್ರಮ ಇದೆ. ಗಿಂಡಿ ಎಂದರೆ ಮೂತಿ ಇರುವ ಕಂಚಿನ ಪಾತ್ರೆ. ಸಾಲು ಸಾಲಾಗಿ ಕುರ್ಚಿಯಲ್ಲಿ ಕೂತವರೆಲ್ಲ ಅದನ್ನು ಮುಟ್ಟಿ ಹರಸಬೇಕು. ಹಾಗೆ ಎಲ್ಲರ ಕೈ ತಾಗಿ ಬಂದ ಗಿಂಡಿಯ ನೀರನ್ನೇ ಮದುಮಕ್ಕಳ ಕೈಯ ಮೇಲೆ ಎರೆಯುವುದು. ಎಲ್ಲರ ಕೈ ಎಂದರೆ ಎಲ್ಲರದ್ದೂ. ದೂರದ ನೆಂಟರು, ಆಫೀಸಿನವರು, ಊಟಕ್ಕೆ ಮಾತ್ರ ಬಂದವರು, ಹುಡುಗಿಯ ಹೆಸರು ಗೊತ್ತಿಲ್ಲದವರು. ನಾನು ಎಷ್ಟೋ ಮದುವೆಗಳ ಗಿಂಡಿಯನ್ನು ಪರದೆಯ ಮೇಲೆ ಸುತ್ತಿಸಿದ್ದೇನೆ. ಯಾರನ್ನು ಬಿಟ್ಟು ಅದು ಮುಂದೆ ಹೋಗುತ್ತದೆ ಎಂದು ನನ್ನಷ್ಟು ಸ್ಪಷ್ಟವಾಗಿ ಕಂಡವರು ಕಡಿಮೆ.

ಅವತ್ತು ಇಬ್ಬರು ಹೆಂಗಸರು ಗಿಂಡಿ ಹಿಡಿದು ಕೊನೆಯ ಸಾಲಿಗೆ ಬಂದರು. ಅಲ್ಲಿ ಕಂಬದ ಪಕ್ಕ ಸುಮತಿಯಕ್ಕ ಕೂತಿದ್ದರು. ಹೆಂಗಸರು ಒಂದು ಕ್ಷಣ ತಡೆದು, ಅವರನ್ನು ದಾಟಿ ಹೆಜ್ಜೆ ಇಟ್ಟರು. ಆಗ ವೇದಿಕೆಯ ಮೇಲಿಂದ ಶ್ರಾವ್ಯ, ತಲೆಯ ತುಂಬ ಮಲ್ಲಿಗೆ ಹೊತ್ತ ಮದುಮಗಳು, ಎದ್ದು ನಿಂತು ತುಳುವಿನಲ್ಲಿ ಕೂಗಿದಳು. "ಅಮ್ಮಾ! ಈಯೇ ಬಲ." ಅಮ್ಮಾ, ನೀನೇ ಬಾ.

ವಾಲಗ ನಿಂತಿತು. ಸುಮತಿಯಕ್ಕ ಎದ್ದರು, ಕೂತರು, ಮತ್ತೆ ಎದ್ದರು. ಗಿಂಡಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕುರ್ಚಿಗಳ ನಡುವಿನ ದಾರಿಯಲ್ಲಿ ನಡೆದುಕೊಂಡು ಹೋದರು. ನನ್ನ ಗಂಡ ಎಷ್ಟೋ ವರ್ಷದ ಅನುಭವಸ್ಥ ಕ್ಯಾಮೆರಾಮನ್, ಹಿಮ್ಮುಖವಾಗಿ ಸರಿಯುತ್ತಾ ಹೂಕುಂಡಕ್ಕೆ ಎಡವಿದರು. ಚಿತ್ರ ಒಮ್ಮೆ ಛಾವಣಿಗೆ ಹೋಗಿ ಬರುತ್ತದೆ. ವೇದಿಕೆಯ ಮೇಲೆ ವಸಂತಣ್ಣ ಒಂದು ಹೆಜ್ಜೆ ಹಿಂದೆ ಸರಿದು ಜಾಗ ಬಿಡುತ್ತಾರೆ. ಸುಮತಿಯಕ್ಕ ಗಿಂಡಿಯನ್ನು ಅವಸರದಲ್ಲಿ ಬಗ್ಗಿಸಿದ್ದಕ್ಕೆ ಮೊದಲ ನೀರು ಮದುಮಗನ ಪಂಚೆಯ ಮೇಲೆ ಬೀಳುತ್ತದೆ. ಉಳಿದದ್ದು ಸರಿಯಾಗಿ ಕೈಯ ಮೇಲೆ ಬೀಳುತ್ತದೆ. ಎಲ್ಲ ಒಂದೇ ತುಂಡು, ಎಲ್ಲಿಯೂ ಕ್ಯಾಮೆರಾ ನಿಂತಿಲ್ಲ.

ಮದುವೆ ಆಗಿ ಒಂದು ವಾರಕ್ಕೆ ವಸಂತಣ್ಣ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರು. ಕುರ್ಚಿಯಲ್ಲಿ ಕೂತು ಸ್ವಲ್ಪ ಹೊತ್ತು ಫ್ಯಾನು ನೋಡಿದರು.

"ಆ ಒಂದು ಭಾಗ ಉಂಟಲ್ಲ," ಅಂದರು, "ಅದನ್ನು ತೆಗೀಬೇಕು. ಗಿಂಡಿ ಸುತ್ತುವುದು ತೋರಿಸಿ. ಮತ್ತೆ ಒಂದು ಹೂವಿನ ಡಿಸೈನ್ ಹಾಕಿ. ಮತ್ತೆ ನೀರು ಬೀಳುವುದು ಮಾತ್ರ ತೋರಿಸಿ, ಹತ್ತಿರದಿಂದ. ಕೈ ಯಾರದ್ದು ಅಂತ ಯಾರು ಕೇಳ್ತಾರೆ? ಜಾಯಿಂಟ್ ಮಾತ್ರ ಕಾಣಬಾರದು."

"ಅಷ್ಟು ಜನ ಕಣ್ಣಾರೆ ನೋಡಿದ್ದಾರಲ್ಲ ಅಣ್ಣ?"

"ನೋಡಿದ್ದು ಮರೀತಾರೆ. ವಿಡಿಯೋ ಮರೀಲಿಕ್ಕೆ ಬಿಡುವುದಿಲ್ಲ." ಅವರು ಧ್ವನಿ ತಗ್ಗಿಸಿದರು. "ನಿಮಗೆ ಗೊತ್ತಿಲ್ಲದ್ದಲ್ಲ. ನಾಳೆ ಆ ಹುಡುಗನಿಗೆ ಒಂದು ಜ್ವರ ಬಂದರೂ ಸುಮತಿಯ ಕೈ ಅಂತ ಹೇಳ್ತಾರೆ. ಅವಳಿಗೋಸ್ಕರವೇ ಹೇಳ್ತಾ ಇದ್ದೇನೆ ನಾನು."

ಅವರ ಮಾತಿನಲ್ಲಿ ಕಪಟ ಇರಲಿಲ್ಲ, ಅದೇ ನನಗೆ ಕಷ್ಟವಾದದ್ದು. ಕೆಟ್ಟವರಿಗೆ ಎದುರುತ್ತರ ಕೊಡುವುದು ಸುಲಭ. ಒಂದು ಕ್ಷಣ ನನ್ನ ಕೈ ಮೌಸಿನ ಕಡೆ ಹೋದದ್ದೂ ಹೌದು. ಕೆಲಸ ಬಲು ಸಲೀಸು. ಇಲ್ಲಿ ಕತ್ತರಿ, ಅಲ್ಲಿ ಕತ್ತರಿ, ನಡುವೆ ಹೂವು. ತುದಿಗಳಲ್ಲಿ ಬೇಕಾದಷ್ಟು ಹೆಚ್ಚುವರಿಯೂ ಇದೆ. ಯಾವ ಮಹಾರಾಯನಿಗೂ ಗೊತ್ತಾಗದ ಹಾಗೆ ಒಬ್ಬ ತಾಯಿಯನ್ನು ಅವಳ ಮಗಳ ಮದುವೆಯಿಂದ ತೆಗೆದು ಹಾಕಬಹುದು. ನನ್ನ ಕೆಲಸವನ್ನು ನಾನು ಅಷ್ಟು ಚೆನ್ನಾಗಿ ಕಲಿತಿದ್ದೇನೆ ಎಂದು ಯೋಚಿಸಿ ನನಗೇ ಮೈ ಉರಿಯಿತು.

"ಆಗುವುದಿಲ್ಲ ಅಣ್ಣ," ಎಂದೆ.

"ಆಗುವುದಿಲ್ಲವಾ, ಬರುವುದಿಲ್ಲವಾ?"

"ಬರ್ತದೆ. ಮಾಡುವುದಿಲ್ಲ."

ಅವರು ನನ್ನನ್ನೇ ನೋಡಿದರು. ನಾನು ಪರದೆಯ ಮೇಲೆ ಆ ತುಂಡನ್ನು ತೆರೆದು ಅವರ ಕಡೆ ತಿರುಗಿಸಿದೆ. "ಇದರಲ್ಲಿ ನೀವೂ ಇದ್ದೀರಿ, ನೋಡಿ. ಅವರಿಗೆ ಜಾಗ ಬಿಟ್ಟದ್ದು ನೀವೇ."

"ಎಲ್ಲರೆದುರು ಬಿಡದೆ ಎಂತ ಮಾಡುವುದು ಮಾರಾಯ್ತಿ!" ಅಂದರು. ಆದರೆ ಪರದೆಯಿಂದ ಕಣ್ಣು ತೆಗೆಯಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು, "ನಮ್ಮ ಕುಟುಂಬದಲ್ಲಿ ಇನ್ನೂ ಮದುವೆಗಳುಂಟು. ಯೋಚನೆ ಮಾಡಿ. ನಾನು ಫೋನ್ ಮಾಡ್ತೇನೆ" ಎಂದು ಇಳಿದು ಹೋದರು.

ಯೋಚನೆ ಮಾಡಿದ್ದು ನನ್ನ ಗಂಡ. "ನಿನಗೆ ಯಾಕೆ ಇಲ್ಲದ ಪಂಚಾಯಿತಿ? ಅವರ ಮನೆ, ಅವರ ಮದುವೆ, ಅವರ ಗಿಂಡಿ" ಎಂದರು. ಶ್ರಾವ್ಯಳಿಗೆ ಫೋನು ಮಾಡಿ, "ನಿಮ್ಮ ಅಮ್ಮ ನಡೆದು ಬರುವ ಭಾಗ ಇಡಬೇಕಾ ಬೇಡವಾ?" ಎಂದು ಕೇಳಿದೆ. ಇಡೀ ಮದುವೆಯಲ್ಲಿ ಮಿಕ್ಕದ್ದೆಲ್ಲ ಬಿಟ್ಟರೂ ಅಡ್ಡಿಯಿಲ್ಲ, ಅದು ಬೇಕು ಎಂದಳು. ಸುಮತಿಯಕ್ಕನನ್ನೂ ಕೇಳಿದೆ. ಅವರು, "ನಾನು ನಡೆದದ್ದು ಸರಿ ಕಾಣ್ತದಾ? ಸೀರೆಗೆ ಎಡವಲಿಲ್ಲ ಅಲ್ಲವಾ?" ಎಂದರು. ಪಂಚಾಯಿತಿ ಅಲ್ಲಿಗೆ ಮುಗಿಯಿತು. ಇವರಿಗೆ ಹೇಳಿದೆ, "ನೀವು ಹೂಕುಂಡಕ್ಕೆ ಎಡವಿದ್ದನ್ನೂ ಇಡ್ತೇನೆ." ಅದಕ್ಕೆ ಇವರ ವಿರೋಧ ಇನ್ನೂ ಇದೆ.

ಆ ಮದುವೆಯಲ್ಲಿ ಮಿಕ್ಕ ಕಡೆಗೆಲ್ಲ ಕೇಳಿದಷ್ಟು ಡಿಸೈನ್ ಹಾಕಿದೆ. ಅರಸಿನ ಶಾಸ್ತ್ರಕ್ಕೆ ಪುಟ ಮಗುಚಿತು, ಊಟಕ್ಕೆ ಬಾಗಿಲು ತೆರೆಯಿತು, ಅತ್ತೆಯ ಮುಖದ ಆಸುಪಾಸಿನಲ್ಲಿ ಮಾತ್ರ ಕರಗಿಸಲು ಹೋಗಲಿಲ್ಲ. ಗಿಂಡಿಯ ಭಾಗ ಬಂದಾಗ ಕೈ ಕಟ್ಟಿ ಕೂತೆ. ಕೊನೆಯ ಸಾಲಿನಿಂದ ವೇದಿಕೆಯವರೆಗೆ ಒಂದೇ ತುಂಡು. ಛಾವಣಿ ಕಾಣುವುದೂ, ಪಂಚೆ ಒದ್ದೆಯಾಗುವುದೂ ಹಾಗೆಯೇ.

ಮುಗಿದ ದಿನ ಮಧ್ಯಾಹ್ನ ಅಮ್ಮನನ್ನು ಸ್ಟುಡಿಯೋಗೆ ಕರೆದುಕೊಂಡು ಬಂದೆ. ಅವಳು ಈಗ ನಮ್ಮ ಜೊತೆಗೇ ಇದ್ದಾಳೆ, ಎಂಬತ್ತರ ಹತ್ತಿರ. ಕಣ್ಣಿನ ಡಾಕ್ಟರಲ್ಲಿಗೆ ಕರೆದುಕೊಂಡು ಹೋಗಿದ್ದೆ, ಹೊಸ ಕನ್ನಡಕದಲ್ಲಿ ಎಷ್ಟು ಕಾಣುತ್ತದೆಂದು ನೋಡಲು ಇದನ್ನೇ ಹಾಕಿ ಕೂರಿಸಿದೆ. ಅವಳು ಗಲ್ಲಕ್ಕೆ ಕೈ ಕೊಟ್ಟು ನೋಡಿದಳು. ಸುಮತಿಯಕ್ಕ ಎದ್ದದ್ದು, ಕೂತದ್ದು, ಎದ್ದದ್ದು, ನಡೆದದ್ದು, ಎರೆದದ್ದು. ಎಲ್ಲ ಆದ ಮೇಲೆ ಕನ್ನಡಕ ತೆಗೆದು ಒರೆಸಿಕೊಂಡು, "ಆ ಗಿಂಡಿ ಸರಿ ತಿಕ್ಕಲಿಲ್ಲ. ಮೂತಿಯ ಹತ್ತಿರ ಕಪ್ಪು ಉಂಟು," ಎಂದಳು.

ನಾನು ನಕ್ಕೆ. "ನಿನಗೆ ಕಂಡದ್ದು ಅದಾ?"

"ಮತ್ತೆ? ನಿನ್ನ ಮದುವೆಯದ್ದು ಹೇಗೆ ಫಳಫಳ ಇತ್ತು. ಹುಳಿ, ಬೂದಿ ಹಾಕಿ ಬೆಳಿಗ್ಗೆಯೇ ತಿಕ್ಕಿ ಕೊಟ್ಟದ್ದು ನಾನಲ್ಲವಾ?"

ಇದು ನನಗೆ ಗೊತ್ತಿರಲಿಲ್ಲ. ನನ್ನ ಮದುವೆಯ ಗಿಂಡಿ ಸಭೆಯ ಅಷ್ಟೂ ಕುರ್ಚಿಗಳನ್ನು ಸುತ್ತಿ, ಅಷ್ಟೂ ಜನರ ಕೈ ತಾಗಿಸಿಕೊಂಡು ವೇದಿಕೆಗೆ ಬಂತು. ಅಡುಗೆಕೋಣೆಯ ಬಾಗಿಲಿಗೆ ಹೋಗಲಿಲ್ಲ. ಆದರೆ ಯಾರ ಕೈಗಿಂತಲೂ ಮೊದಲು, ಎಲ್ಲರಿಗಿಂತಲೂ ಹೆಚ್ಚು ಹೊತ್ತು, ಅದನ್ನು ಮುಟ್ಟಿದ ಕೈ ಅವಳದ್ದು. ಆಮೇಲೆ ಅವಳ ಮುಖದ ಮೇಲೆ ಯಾವ ಹೃದಯ ಬಂದು ಕೂತರೇನು? ನನಗೆ ಅಳು ಬಂತು, ಸಂತೋಷವೂ ಆಯಿತು. ಅಮ್ಮನಿಗೆ ತೋರಿಸಬಾರದೆಂದು ಪರದೆಯ ಕಡೆ ತಿರುಗಿದೆ.

ಅಷ್ಟರಲ್ಲಿ ಫೋನು. ವಸಂತಣ್ಣ.

"ಆಯಿತಾ ವಿಡಿಯೋ?"

"ಆಯಿತು ಅಣ್ಣ."

"ಆ ಭಾಗ? ಜಾಯಿಂಟ್ ಕಾಣ್ತದಾ?"

"ಇಲ್ಲ. ಒಂದು ಜಾಯಿಂಟೂ ಇಲ್ಲ."

"ಹಾಗಾದರೆ ಸರಿ," ಎಂದು ಅವರು ಉಸಿರು ಬಿಟ್ಟದ್ದು ಕೇಳಿತು. "ತೆಗೆದದ್ದು ಯಾರಿಗೂ ಗೊತ್ತಾಗ್ಲಿಕ್ಕಿಲ್ಲ ಅಲ್ಲವಾ?"

"ತೆಗೆದರಲ್ಲವಾ ಅಣ್ಣ, ಗೊತ್ತಾಗುವುದು?"

ಅವರು ಬೈಯಲಿಲ್ಲ, ಫೋನು ಇಡಲೂ ಇಲ್ಲ. ಹಿಂದಿನಿಂದ ಅಮ್ಮ ಕನ್ನಡಕ ಏರಿಸಿಕೊಂಡು, "ಅವಳು ಎದ್ದು ಬರುವುದನ್ನು ಪುನಃ ಒಮ್ಮೆ ಹಾಕು," ಎಂದಳು.

ನಾನೂ ಫೋನು ಕಟ್ ಮಾಡಲಿಲ್ಲ. ಅದನ್ನು ಸ್ಪೀಕರಿನ ಪಕ್ಕ ಇಟ್ಟು, ಸದ್ದು ಪೂರ್ತಿ ಏರಿಸಿ, ತುಂಡನ್ನು ಮೊದಲಿನಿಂದ ಹಾಕಿದೆ. ವಾಲಗ ಕೇಳಿತು. ಗಿಂಡಿ ಹಿಡಿದವರು ಕಂಬದ ಹತ್ತಿರ ತಡೆದರು, ದಾಟಲು ನೋಡಿದರು. ಆಗ ಶ್ರಾವ್ಯ ಎದ್ದು ನಿಂತು ಕರೆದಳು, ಕೆಳಗಿನ ಬಸ್ಸುಗಳಿಗೂ ಕೇಳುವ ಹಾಗೆ: "ಅಮ್ಮಾ! ಈಯೇ ಬಲ."